ಹುಣಸೆಹಣ್ಣು ಕಂಡ ಆನೆ ಕಾಸು

ಅನುಮಾನ ಪಡುವುದು ನನಗೆ ಬರುವುದಿಲ್ಲ. ಎಳೆಯದು ಎಂದರೆ ಸಾಕು, ಬೆಂಡೆಕಾಯಿಯ ತುದಿ ಮುರಿದೂ ನೋಡದೆ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಮನೆಗೆ ಬಂದು ಹೆಚ್ಚುವಾಗ ಕತ್ತಿಯೇ ಬಾಗುತ್ತದೆ, ನಾನು ಮಾತ್ರ ಬಾಗುವುದಿಲ್ಲ. ಮಾರಿದವನಿಗೂ ಗೊತ್ತಿರಲಿಕ್ಕಿಲ್ಲ ಪಾಪ, ಎಂದುಕೊಳ್ಳುತ್ತೇನೆ. ಇಂಥವಳಿಗೆ ಹಳೆಯ ನಾಣ್ಯ ಕೂಡಿಸುವ ಹುಚ್ಚು ಹಿಡಿಯಬಾರದಿತ್ತು. ಹಿಡಿಯಿತು.

ಈ ಹುಚ್ಚಿನಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು ಗ್ರೇಡಿಂಗ್ ಆದ ನಾಣ್ಯವನ್ನೇ ಕೊಳ್ಳುತ್ತಾರೆ. ಅಂದರೆ ಆ ನಾಣ್ಯ ಯಾವುದೋ ಕಂಪನಿಗೆ ಹೋಗಿ, ಅಸಲಿಯೋ ನಕಲಿಯೋ ಎಂದು ಪರೀಕ್ಷೆ ಮಾಡಿಸಿಕೊಂಡು, ಇಷ್ಟು ಅಂಕ ಎಂದು ಚೀಟಿ ಹಚ್ಚಿಸಿಕೊಂಡು, ಪಾರದರ್ಶಕ ಡಬ್ಬಿಯಲ್ಲಿ ಮತ್ತೆ ತೆರೆಯಲಾಗದಂತೆ ಮುಚ್ಚಿಸಿಕೊಂಡು ಬಂದಿರುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ. ಇನ್ನೊಂದು ಪಂಗಡ ಬಿಡಿ ನಾಣ್ಯದ್ದು. ಅಲ್ಲಿ ಕೊಳ್ಳುವವರ ಕಣ್ಣೇ ಕಂಪನಿ. ನಾನು ಈ ಎರಡನೆಯದಕ್ಕೆ ಸೇರಿದವಳು. ಮುಟ್ಟಿ, ತಿರುಗಿಸಿ, ಹೆಬ್ಬೆರಳಿನಲ್ಲಿ ಸವರಿ ನೋಡದಿದ್ದರೆ ನನಗೆ ಕೊಂಡಂತೆಯೇ ಆಗುವುದಿಲ್ಲ. ಸೀರೆಯನ್ನು ಗಾಜಿನ ಆಚೆಯಿಂದ ನೋಡಿ ಕೊಳ್ಳುವವರುಂಟೆ?

ಮಂಡ್ಯದ ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನ ಶಿವಲಿಂಗಣ್ಣ ಡಬ್ಬಿ ಪಂಗಡದ ಹಿರಿಯರು. ಅವರಲ್ಲಿ ಮೈಸೂರು ರಾಜರ ಕಾಲದ ಒಂದು ತಾಮ್ರದ ಆನೆ ಕಾಸು ಇದೆ, ಡಬ್ಬಿಯಲ್ಲಿ, ಒಳ್ಳೆಯ ಅಂಕದೊಂದಿಗೆ. ಅದನ್ನು ನೋಡಿ ನೋಡಿ ನನಗೂ ಒಂದು ಆನೆ ಬೇಕಾಯಿತು. ಮಳವಳ್ಳಿಗೆ ನೆಂಟರ ಮನೆಗೆ ಹೋದಾಗ ಹಳೆಯ ತಾಮ್ರ ಹಿತ್ತಾಳೆ ಮಾರುವ ಅಂಗಡಿಯಲ್ಲಿ ಸಿಕ್ಕಿಯೇ ಬಿಟ್ಟಿತು. ಹುರಿದ ಕಾಫಿ ಬೀಜದ ಬಣ್ಣ, ಬೆನ್ನು ಸವೆಯದ ಪುಟ್ಟ ಆನೆ.

"ಅಸ್ಲಿ ಕಣಕ್ಕ," ಎಂದ ಅಂಗಡಿಯವನು. "ಸುಳ್ಳಾದ್ರೆ ತಂದು ನನ್ ಮುಕದ್ ಮೇಲ್ ಎಸೀರಿ."

ಮುಖ ಸಂಭಾವಿತವಾಗಿತ್ತು. ಕೊಂಡೆ.

ಮರುದಿನ ಶಿವಲಿಂಗಣ್ಣ ಭೂತಗನ್ನಡಿ ಹಿಡಿದು ಕೂತರು. ಹನಕೆರೆಯಲ್ಲಿ ಸಿಗ್ನಲ್ಲಿಗೆ ನಿಂತ ಪ್ಯಾಸೆಂಜರ್ ರೈಲಿನ ಹಾಗೆ, ಹೊರಡುವ ಸೂಚನೆಯೇ ಇಲ್ಲ. ಕೊನೆಗೆ, "ಚೆನ್ನಾಗೇನೋ ಅದೆ. ಆದ್ರೆ ನೀವೇಳಿದ್ರೆ ಯಾರ್ ನಂಬ್ತಾರಮ್ಮ? ಡಬ್ಬಿಗಾಕ್ಸಿ, ಆಮೇಲ್ ಮಾತಾಡನ," ಎಂದರು.

ನನಗೆ ರೇಗಿತು. "ಹಾಕಿಸ್ತೀನಿ. ನಿಮ್ಮ ಆನೆಗಿಂತ ನನ್ನ ಆನೆಗೆ ಹೆಚ್ಚು ಅಂಕ ಬಂದರೆ, ಬಿಡಿ ನಾಣ್ಯ ಕೊಳ್ಳೋರಿಗೂ ಕಣ್ಣಿದೆ ಅಂತ ಎಲ್ಲರ ಎದುರಿಗೆ ಒಪ್ಕೋಬೇಕು."

"ಒಪ್ಕೋತೀನಿ ಬುಡಿ. ಬರ್ನಿಲ್ಲ ಅಂದ್ರೆ ಇನ್ಮೇಲೆ ಬಿಡಿ ನಾಣ್ಯದ್ ತಂಟೆಗೋಗಂಗಿಲ್ಲ."

ಚಹಾದ ಹೊತ್ತು. ಇಡೀ ಕಚೇರಿ ಕೇಳಿಸಿಕೊಂಡಿತು.

ಸೋಮವಾರ ಕಳಿಸುವುದೆಂದು ತೀರ್ಮಾನಿಸಿ, ಅಲ್ಲಿಯವರೆಗೆ ಭದ್ರವಾಗಿರಲೆಂದು ಕಾಸನ್ನು ದೇವರ ಗೂಡಿನಲ್ಲಿಟ್ಟೆ. ಅಲ್ಲೇ ಎಡವಿದ್ದು. ಕೊತ್ತತ್ತಿಯಿಂದ ಅತ್ತೆ ಬಂದಿದ್ದರು. ನಮ್ಮಲ್ಲಿ ದೇವರ ಗೂಡು ಸೇರಿದ ನಾಣ್ಯವೆಲ್ಲ ಲಕ್ಷ್ಮಿ, ಮತ್ತು ಲಕ್ಷ್ಮಿಗೆ ಶುಕ್ರವಾರ ಹುಣಸೆಹಣ್ಣಿನ ಸ್ನಾನ. ಆ ಶುಕ್ರವಾರ ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಆನೆ ಹೊಸ ಚೊಂಬಿನಂತೆ ಥಳಥಳಿಸುತ್ತಿತ್ತು. ಹಣೆಯಲ್ಲಿ ಕುಂಕುಮ.

"ಅತ್ತೆ, ಇದನ್ನ ತೊಳೆದ್ರಾ?"

"ಊಂ ಕಣವ್ವ. ಒಲೆ ಮಸಿ ಇದ್ದಂಗಿತ್ತು ಮುಂಡೇದು. ಉಣಸೆಅಣ್ಣು ಸಾಲ್ದೆ ಬೂದೀನೂ ಆಕಿ ಉಜ್ದೆ. ಈಗ್ ನೋಡು, ಆನೆಗ್ ಸೊಂಡ್ಲದೆ ಅಂತ ಗೊತ್ತಾಯ್ತದೆ."

"ಅದು ಮಸಿಯಲ್ಲ ಅತ್ತೆ, ಎಷ್ಟೋ ಕಾಲದಿಂದ ಕೂತ ಬಣ್ಣ. ಅದಕ್ಕೇ ಬೆಲೆ."

"ಕೊಳೆಗ್ ಬೆಲೆ ಕೊಡ್ತಾರಾ? ಅಂಗಾರೆ ನಿಮ್ ಅಟ್ಟದ್ ಮೇಲಿರೋ ಪಾತ್ರೆಗಳ್ನೂ ಕಳ್ಸು."

ಪಾತ್ರೆಯ ಮಾತು ಬಂದ ಮೇಲೆ ವಾದ ಬೆಳೆಸುವುದು ಕ್ಷೇಮವಲ್ಲ. ಪರೀಕ್ಷೆ ಮಾಡುವವರೂ ಮನುಷ್ಯರೇ, ಎಲ್ಲೋ ಒಂದು ಕಡೆ ಕಣ್ಣು ತಪ್ಪೀತು ಎಂಬ ಆಸೆಯಲ್ಲಿ ಕಾಸನ್ನು ಕಳಿಸಿದೆ.

ಕಣ್ಣು ತಪ್ಪಲಿಲ್ಲ. ಕೆಲವು ವಾರಗಳ ನಂತರ ಬಂದ ಡಬ್ಬಿಯ ಚೀಟಿಯಲ್ಲಿ ಅಂಕವೇ ಇರಲಿಲ್ಲ. ಉಜ್ಜಿದ ನಾಣ್ಯಕ್ಕೆ ಅವರು ಅಂಕ ಕೊಡುವುದಿಲ್ಲವಂತೆ. ಇದ್ದದ್ದು ಇಷ್ಟೇ: ಅಸಲಿ, ತೊಳೆಯಲಾಗಿದೆ.

ಶಿವಲಿಂಗಣ್ಣ ನಗುತ್ತಾರೆಂದು ಹಲ್ಲು ಕಚ್ಚಿ ಕೂತಿದ್ದೆ. ಅವರು ಚೀಟಿಯನ್ನು ಓದಿ, ಹುಣಸೆಹಣ್ಣಿನ ಕಥೆಯನ್ನೂ ಕೇಳಿ, ಯಾರೋ ತೀರಿಕೊಂಡವರ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಅಸ್ಲಿ ಅಂದವ್ರಲ್ಲ. ಕಣ್ಣೇನೋ ಅದೆ ನಿಮ್ಗೆ, ಒಪ್ದೆ. ಬಿಡಿ ನಾಣ್ಯಾನೇ ತಗೊಳ್ಳಿ. ನಿಮ್ಮತ್ತೆ ಬಸ್ಸಿಂದ ಇಳಿಯೋಕ್ ಮುಂಚೆ ಡಬ್ಬಿಗಾಕ್ಸಿ ಅಷ್ಟೇ," ಎಂದರು. ಸೋಲೂ ಅಲ್ಲದ ಗೆಲುವೂ ಅಲ್ಲದ ಅದನ್ನು ಹೊತ್ತು ಮನೆಗೆ ಬಂದೆ.

ಅತ್ತೆಗೆ ಚೀಟಿ ಓದಿ ಹೇಳಿದ್ದು, ಸ್ವಲ್ಪವಾದರೂ ಪಶ್ಚಾತ್ತಾಪವಾಗಲಿ ಎಂದು. ಅವರ ಮುಖ ಅರಳಿತು.

"ನೋಡ್ದಾ! ಅಸ್ಟ್ ದೂರದೋರ್ಗೂ ಗೊತ್ತಾಯ್ತು, ತೊಳೆದವ್ರೆ ಅಂತ. ಬರ್ದೇ ಕಳ್ಸವ್ರೆ!"

ಅಂದಿನಿಂದ ಬಂದವರಿಗೆಲ್ಲ ಕಾಫಿಗೆ ಮುಂಚೆ ಡಬ್ಬಿಯ ದರ್ಶನ. "ನಿಮ್ ಸೊಸೇರು ಪಾತ್ರೆ ತೊಳೀತಾರಲ್ಲ, ಯಾರಾದ್ರೂ ಇಂಗ್ ಬರ್ಕೊಟ್ಟವ್ರಾ?" ಎಂದು ಪಕ್ಕದ ಮನೆಯವರನ್ನು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಹೋದ ಶುಕ್ರವಾರ ಬೆಳಿಗ್ಗೆ ಅತ್ತೆ ಬಟ್ಟಲಲ್ಲಿ ಹುಣಸೆಹಣ್ಣು ನೆನೆಹಾಕಿ ನನ್ನನ್ನು ಕರೆದರು. "ಆ ಡಬ್ಬಿ ಒಡಿಯವ್ವ. ಸ್ನಾನ ಇಲ್ದೆ ಕೂತವ್ಳೆ ಲಕ್ಸ್ಮಿ."

ಡಬ್ಬಿ ಒಡೆದರೆ ಚೀಟಿಗೆ ಬೆಲೆಯಿಲ್ಲ, ಕಂಪನಿಯ ಮಾತೂ ಅಲ್ಲಿಗೆ ಮುಗಿಯಿತು. ನಾನು ಅದನ್ನು ಎದೆಗವಚಿಕೊಂಡು ಬೀರುವಿನೊಳಗಿಟ್ಟು ಬೀಗ ಹಾಕಿದೆ.

"ಯಾಕ್ ಕಣವ್ವ? ಕೆಟ್ಟೋಯ್ತು ಕೆಟ್ಟೋಯ್ತು ಅಂತ ನೀನೇ ಅಂತಿದ್ದಲ್ಲ, ಇನ್ನೇನ್ ಕೆಡೋಕದೆ ಅದ್ರಲ್ಲಿ?"

ಸರಿಯಾದ ಪ್ರಶ್ನೆ. ಮುಟ್ಟದೆ ಕೊಳ್ಳುವವರನ್ನು ಆಡಿಕೊಳ್ಳುತ್ತಿದ್ದವಳು ನಾನು. ಈಗ ನನ್ನದೇ ಆನೆಯನ್ನು ಮುಟ್ಟಲಾರೆ, ಬೇರೆಯವರಿಗೂ ಮುಟ್ಟಗೊಡಲಾರೆ. ನನ್ನ ನಾಣ್ಯ ಕೆಟ್ಟಿದೆ ಎಂದು ಬರೆದುಕೊಟ್ಟ ಕಾಗದ ಕೆಡದಿರಲಿ ಎಂದು ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ಓಡಾಡುತ್ತಿದ್ದೇನೆ.