ಮೂರು ಸಲ ಕರೆದರೂ ಏಳದ ಬೀಗರು

ಕಂಪಲಾಪುರದ ಸಣ್ಣಯ್ಯನ ಹೊಟ್ಟೆಯಲ್ಲಿ ಒಂದು ಅರ್ಧ ಹೋಳಿಗೆ ಇವತ್ತಿಗೂ ಕರಗದೆ ಕೂತಿದೆ.

ಮಗಳು ಪವಿತ್ರಾಳ ಮದುವೆಯಾದ ಮೇಲೆ ಸಾಲಿಗ್ರಾಮದಲ್ಲಿ ಗಂಡಿನ ಅಪ್ಪ ವೀರಭದ್ರಸ್ವಾಮಿಯವರ ಮನೆಯಲ್ಲಿ ಬೀಗರ ಔತಣ ಇಟ್ಟಿದ್ದರು. ಹೆಣ್ಣು ಹೆತ್ತ ಅಪ್ಪ. ಮೊದಲ ಪಂಕ್ತಿಯ ಮೊದಲ ಎಲೆ ಅವನದು. ಆದರೆ ಕಾಲು ತೊಳೆದು ಬರುವಷ್ಟರಲ್ಲಿ ಆ ಎಲೆಯ ಮುಂದೆ ಯಾರೋ ಹಾಲಿನ ಡೇರಿಯವನು ಕೂತು ತುಪ್ಪ ಕಲಸುತ್ತಿದ್ದ! ಎರಡನೇ ಪಂಕ್ತಿಯಲ್ಲಿ ಸಣ್ಣಯ್ಯನಿಗೆ ಸಿಕ್ಕಿದ್ದು ಅರ್ಧ ಹೋಳಿಗೆ. ಅದೂ ಹೂರಣವಿಲ್ಲದ ಅರ್ಧ!

"ಬೀಗರಿಗೆ ಮರ್ಯಾದೆ ಮಾಡೋದು ಎಂಗೆ ಅಂತ ಆ ವೀರಭದ್ರಸ್ವಾಮಿಗೆ ನಾನು ತೋರಿಸ್ಕೊಡ್ತೀನಿ ಕಣಮ್ಮಿ!" ಎಂದು ಹೆಂಡತಿ ಸಿದ್ದಲಿಂಗಮ್ಮನ ಮುಂದೆ ಮೀಸೆ ತಿರುವಿದ.

ಆ ವರ್ಷ ದಸರಾ ಮುಗಿಯಿತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿಯೂ ಆರಿತು. ಸಣ್ಣಯ್ಯ ಒಂದು ಮೆಟಡೋರ್ ವ್ಯಾನ್ ಗೊತ್ತು ಮಾಡಿ ಎರಡೂ ಮನೆಯವರನ್ನು ತುಂಬಿಕೊಂಡು, ಹುಣಸೂರಿನಾಚೆ ಹೊಸದಾಗಿ ಆಗಿದ್ದ ಶಿಲ್ಪವನಕ್ಕೆ ದಂಡಯಾತ್ರೆ ಹೊರಟ. ಅಲ್ಲಿ ಸಿಮೆಂಟಿನಲ್ಲಿ ಇಡೀ ಹಳ್ಳಿಯನ್ನೇ ಮಾಡಿ ಬಣ್ಣ ಬಳಿದು ನಿಲ್ಲಿಸಿದ್ದಾರೆಂದು ಸುದ್ದಿ.

"ಅಳ್ಳಿ ನೋಡಕ್ಕೆ ವ್ಯಾನ್ ಮಾಡ್ಕಂಡು ಓಗ್ಬೇಕಾ ಬೀಗರೇ? ನಮ್ಮೂರೇ ಇತ್ತಲ್ಲ!" ಎಂದರು ವೀರಭದ್ರಸ್ವಾಮಿ. ಸಣ್ಣಯ್ಯನ ಮೂಗಿನ ತುದಿ ಕೆಂಪಾಯಿತು.

ಪವಿತ್ರಾ ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದಳು: "ಅಪ್ಪಾ, ಇವತ್ತೊಂದು ದಿನ ಕ್ವಾಪ ಮಾಡ್ಕಬ್ಯಾಡ. ಮೊದಲ್ನೇ ದೀಪಾವಳಿ. ನಮ್ಮನ್ನ ತೌರಿಗೆ ಕಳಿಸೋದು ಬುಡೋದು ಮಾವನ ಕೈಲದೆ."

"ಕ್ವಾಪಾನಾ? ನನಗಾ?" ಎಂದು ಸಣ್ಣಯ್ಯ ವ್ಯಾನೆಲ್ಲ ಬೆಚ್ಚಿಬೀಳುವಂತೆ ಗುಡುಗಿದ.

ಸಿದ್ದಲಿಂಗಮ್ಮನ ಚಿಂತೆ ಬೇರೆ. "ಕನ್ನಡಕ ಎಲ್ರೀ?"

"ಮನೇಲಿದೆ. ಅದ ಹಾಕ್ಕಂಡು ಬೀಗರ ಮುಂದೆ ಮುದುಕನ ಥರ ಕಾಣಕ್ಕಾಯ್ತದಾ?"

ಶಿಲ್ಪವನದಲ್ಲಿ ನೇಗಿಲು ಹೂಡಿದ ರೈತನಿದ್ದ, ನೀರು ಸೇದುವ ಹೆಂಗಸಿದ್ದಳು, ಜಗಲಿ ಕಟ್ಟೆ ಇತ್ತು. ಮಧ್ಯಾಹ್ನ ಹೊಂಗೆ ಮರದಡಿ ಜಮಖಾನ ಹಾಸಿ, ಎಲೆ ಹಾಕಿ, ಹೋಳಿಗೆಯ ಡಬರಿ ತೆರೆದರು. ಇನ್ನುಳಿದದ್ದು ಬೀಗರನ್ನು ಕರೆಯುವ ಶಾಸ್ತ್ರ.

ಈ ಶಾಸ್ತ್ರ ಸಾಮಾನ್ಯದ್ದಲ್ಲ. 'ಊಟಕ್ಕೆ ಬನ್ನಿ' ಎಂದು ದೂರದಿಂದ ಕೂಗಿದರೆ ಬೀಗರು ಬರುವುದಿಲ್ಲ. ಹತ್ತಿರ ಹೋಗಿ ಕರೆಯಬೇಕು. ಮೊದಲ ಸಲ ಕರೆದಾಗ ಬೀಗರು ಏಳಬಾರದು. ಎದ್ದರೆ ಅನ್ನ ಕಾಣದವರು ಎಂದಾರು. ಎರಡನೇ ಸಲಕ್ಕೂ ಗಾಂಭೀರ್ಯ ಬಿಡಬಾರದು. ಮೂರನೇ ಸಲ ಕೈ ಹಿಡಿದು ಕರೆದಾಗ, ಬಲವಂತಕ್ಕೆ ಎಂಬಂತೆ ಏಳಬೇಕು. ಹಾಗೆ ಕೈ ಹಿಡಿದು ಕರೆಸಿಕೊಂಡವರಿಗೆ ಉಣ್ಣಿಸದೆ ಬಿಟ್ಟರೆ ಆ ಋಣ ಜನ್ಮಕ್ಕಂಟುತ್ತದೆ.

ಸಣ್ಣಯ್ಯ ಹುಡುಕಿಕೊಂಡು ಹೊರಟ. ಅಗೋ, ಜಗಲಿ ಕಟ್ಟೆಯ ಮೇಲೆ ಕೂತಿದ್ದಾರೆ! ಬಿಳಿ ಅಂಗಿ, ಹೆಗಲ ಮೇಲೆ ಟವಲು, ಮಂಡಿಯ ಮೇಲೆ ಕೈ.

"ಬೀಗರೇ, ಊಟಕ್ಕೆ ಏಳಿ."

ಉತ್ತರವಿಲ್ಲ. 'ಭಲೆ, ಶಾಸ್ತ್ರ ಬಲ್ಲವರು!' ಎಂದುಕೊಂಡ.

"ಏಳಬೇಕು ಬೀಗರೇ. ಹೋಳಿಗೆ ಆರೋಯ್ತದೆ."

ಕದಲಲಿಲ್ಲ. ಎಂಥ ಗಾಂಭೀರ್ಯ! ಮೂರನೇ ಸಲ ಸಣ್ಣಯ್ಯ ಬಗ್ಗಿ, ನಡು ನೋಯುವಷ್ಟು ಬಗ್ಗಿ, ಕೈ ಹಿಡಿದ. "ದೊಡ್ಡ ಮನಸ್ಸು ಮಾಡಿ. ನಮ್ಮ ಬಡವರ ಎಲೇಲಿ ಎರಡು ತುತ್ತು ಉಣ್ಬೇಕು."

ಬೀಗರು ತಿರುಗಿಯೂ ನೋಡಲಿಲ್ಲ. ಸಣ್ಣಯ್ಯನ ನೆತ್ತಿಗೆ ಬೆಂಕಿ ಬಿತ್ತು! ಬ್ಯಾರನ್ನಿಗೂ ಅಷ್ಟು ಬೆಂಕಿ ಹಾಕಿದವರಿಲ್ಲ.

"ಏನ್ರೀ ನಿಮ್ಮ ಜಂಬ! ನಿಮ್ಮನೇಲಿ ನನ್ನ ಯಾರು ಕರೆದ್ರು? ಹೆಣ್ಣು ಕೊಟ್ಟೋನ್ನ ಎರಡನೇ ಪಂಕ್ತೀಲಿ ಕೂರಿಸ್ದೋರು ನೀವು! ಅರ್ಧ ಹೋಳಿಗೆ ಇಕ್ಕುದ್ರಿ! ಡೇರಿಯೋನಿಗೆ ಇರೋ ಮರ್ಯಾದೆ ನಂಗಿಲ್ವಾ? ಏಳ್ರೀ ಮೇಲೆ!" ಎಂದು ಕೈ ಜಗ್ಗಿದ.

ಲಟಕ್!

ಬೀಗರ ಬೆರಳು ಸಣ್ಣಯ್ಯನ ಕೈಗೆ ಬಂತು.

"ಅಯ್ಯೋ ಶಿವನೇ! ಬೀಗರ ಬೆರಳು ಕಿತ್ತೋಯ್ತು!"

"ನನ್ನವು ನೆಟ್ಟಗವೆ ಬೀಗರೇ," ಎಂದಿತು ಹಿಂದಿನಿಂದ ಒಂದು ದನಿ. ನಲ್ಲಿಯಲ್ಲಿ ಕೈ ತೊಳೆದು, ನೀರು ತೊಟ್ಟಿಕ್ಕುವ ಕೈಗಳನ್ನು ಹಿಡಿದುಕೊಂಡು ವೀರಭದ್ರಸ್ವಾಮಿ ನಿಂತಿದ್ದರು. ಮೊದಲಿಂದಲೂ ನಿಂತಿದ್ದರು. ಅವರ ಪಕ್ಕದಲ್ಲಿ ಪವಿತ್ರಾ, ಮುಖದಲ್ಲಿ ದೀಪಾವಳಿಯ ಒಂದು ದೀಪವೂ ಇಲ್ಲ.

ಸೀಟಿ ಊದುತ್ತ ಕಾವಲುಗಾರ ಓಡಿ ಬಂದ. "ಯಾರ್ರೀ ಅದು ಗೊಂಬೆ ಮುಟ್ಟಿದ್ದು? ಬೆರಳೆಲ್ಲಿ?"

ಸಣ್ಣಯ್ಯನ ಮುಷ್ಟಿ ಬಿಗಿಯಾಯಿತು. ಬಾಯಿ ಅದಕ್ಕಿಂತ ಬಿಗಿ. ವೀರಭದ್ರಸ್ವಾಮಿಯವರೇ ಮುಂದೆ ಬಂದು, "ನಾವು ಬಂದಾಗಿಂದ ನೋಡ್ತಾ ಇವ್ನಿ, ಅವರಿಗಿರೋದು ನಾಕೇ ಬೆರಳು ಕಣಪ್ಪ. ಪಾಪ, ಹುಟ್ಟಾ ಅಂಗೇ ಅಂತ ಕಾಣ್ತದೆ," ಎಂದರು. ಕಾವಲುಗಾರ ತಲೆ ಕೆರೆದುಕೊಂಡು ಹೋದ.

"ಬನ್ನಿ ಬೀಗರೇ, ಊಟಕ್ಕೆ..." ಸಣ್ಣಯ್ಯನ ದನಿ ಇಲಿಯ ದನಿಯಾಗಿತ್ತು.

"ಉಂಟಾ? ಮೂರು ಸಲ ಕರೆಸ್ಕಂಡೋರು ಅವರು. ಮೊದಲ ಪಂಕ್ತಿ ಅವರ್ದು. ನಾನು ಎರಡನೇದ್ರಲ್ಲಿ ಕೂತ್ಕತೀನಿ."

ಎಷ್ಟು ಗೋಗರೆದರೂ ಆಸಾಮಿ ಜಗ್ಗಲಿಲ್ಲ, ಸಿಮೆಂಟಿನವರೇ ವಾಸಿ! ಮೊದಲ ಪಂಕ್ತಿಯಲ್ಲಿ ಮಕ್ಕಳು ಮರಿ ಒಂದೊಂದು ಹೋಳಿಗೆ ಎತ್ತಿದಾಗಲೂ ಸಣ್ಣಯ್ಯ ಡಬರಿಯ ಕಡೆ ಇಣುಕುತ್ತಿದ್ದ. ಎರಡನೇ ಪಂಕ್ತಿ ಕೂತಾಗ ಸಿದ್ದಲಿಂಗಮ್ಮ ಡಬರಿಯನ್ನು ಬಗ್ಗಿಸಿ ನೋಡಿದಳು. ಗಂಡನ ಮುಖ ನೋಡಿದಳು. ಮತ್ತೆ ಡಬರಿ ನೋಡಿದಳು.

ಉಳಿದದ್ದು ಅರ್ಧ.

ಬೀಗರ ಎಲೆಗೆ ಅದು ಬಿತ್ತು. ವೀರಭದ್ರಸ್ವಾಮಿ ಆ ಅರ್ಧವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು.

"ಅವತ್ತು ನಮ್ಮನೇಲಿ ಅರ್ಧ, ಇವತ್ತು ನಿಮ್ಮನೇದು ಅರ್ಧ. ಒಂದೋಳಿಗೆ ಆಯ್ತಲ್ಲ ಬೀಗರೇ! ಅವತ್ತು ತಪ್ಪು ನಮ್ಮದೇ, ಒಪ್ಕಂಡೆ. ಹಬ್ಬಕ್ಕೆ ಮಕ್ಕಳನ್ನ ಕಳಿಸ್ತೀನಿ, ನಾನೂ ಬತ್ತೀನಿ."

ಪವಿತ್ರಾ ನಕ್ಕಳು. ಸಣ್ಣಯ್ಯನಿಗೆ ಮಾತ್ರ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಆ ಅರ್ಧ ಹೋಳಿಗೆಯ ಸಿಟ್ಟು ಹೊಟ್ಟೆಯಲ್ಲಿ ಹಾಗೇ ಇದೆ, ಆಡಿಕೊಳ್ಳುವ ಹಕ್ಕು ಮಾತ್ರ ಹೋಯಿತು!

ದೀಪಾವಳಿಯ ದಿನ ಬೀಗರನ್ನು ಕರೆಯಲು ಎದ್ದವನ ಕೈಗೆ ಸಿದ್ದಲಿಂಗಮ್ಮ ಕನ್ನಡಕ ಕೊಟ್ಟಳು. ಮೂರು ಸಲ ಕರೆದ. ಮೂರನೇ ಸಲಕ್ಕೆ ಎದ್ದು ಬಂದ ವೀರಭದ್ರಸ್ವಾಮಿ, ಮೊದಲ ಪಂಕ್ತಿಯಲ್ಲಿ ಕೂತು ಅತ್ತಿತ್ತ ನೋಡಿದರು.

"ಹಿರೇ ಬೀಗರು ಬರ್ನಿಲ್ವಾ? ಅವರನ್ನೂ ಕೈ ಹಿಡಿದು ಕರೆದಿದ್ರಲ್ಲ?"

ಸಣ್ಣಯ್ಯ ಸಿಮೆಂಟಾದ. ಸಿದ್ದಲಿಂಗಮ್ಮ ಹೋಳಿಗೆಗೆ ತುಪ್ಪ ಹಾಕುತ್ತ ಗೋಡೆಯ ಗೂಡಿನ ಕಡೆ ಕಣ್ಣು ತೋರಿಸಿದಳು. ಅಂಗಿ ಒಗೆಯುವಾಗ ಜೇಬಿನಲ್ಲಿ ಸಿಕ್ಕಿದ ಸಿಮೆಂಟಿನ ಬೆರಳು ಅಲ್ಲಿ ನೆಟ್ಟಗೆ ನಿಂತಿತ್ತು.

"ಬೆರಳೊಂದು ಬಂದದೆ ಅಣ್ಣಾ. ಮಿಕ್ಕಿದ್ದು ಇನ್ನೂ ದಾರೀಲದೆ."

ಆ ಬೆರಳು ಈಗಲೂ ಗೂಡಿನಲ್ಲಿದೆ. ಹಿರೇ ಬೀಗರ ಊಟ ಈಗಲೂ ಬಾಕಿ.