ಮೆಣಸಿನಕಾಯಿ ಚೀಲದೊಳಗಿನ ಬ್ಯಾಕಪ್

ಸೊಳ್ಳೆ ಬ್ಯಾಟಿಗೆ ಚಾರ್ಜು ಹಾಕಬೇಕಾಗಿತ್ತು, ಅಷ್ಟೇ. ಅದಕ್ಕಾಗಿ ವಿಜಯಮಹಾಂತೇಶ ಬೆಳಿಗ್ಗೆ ಕಂಪ್ಯೂಟರಿನ ವೈರು ಕಿತ್ತು ಆ ಜಾಗದಲ್ಲಿ ಬ್ಯಾಟು ಚುಚ್ಚಿದ. ಕಂಪ್ಯೂಟರು ಆಗ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತಿತ್ತು. ದಯವಿಟ್ಟು ಆರಿಸಬೇಡಿ ಎಂದು ಪರದೆಯ ಮೇಲೆ ಕೇಳಿಕೊಂಡೂ ಇತ್ತು. ಮತ್ತೆ ಹಚ್ಚಿದಾಗ ಅದು ನೀಲಿಯಾಗಿ ನಾಲ್ಕು ಸಾಲು ಇಂಗ್ಲಿಷು ತೋರಿಸಿ, ಸಿಟ್ಟಾದ ಬೀಗರ ಹಾಗೆ ಮುಖ ತಿರುಗಿಸಿತು.

ಹೆಂಡತಿ ನಿರ್ಮಲಾ ಹಾವೇರಿಗೆ ಹೋಗಿದ್ದಳು. ಸಂಜೆ ತಂಗಿಯರನ್ನು ಕರೆದುಕೊಂಡು ಬರುವವಳಿದ್ದಳು. ಮರುದಿನ ಕುಪ್ಪೇಲೂರಿನಲ್ಲಿ ಅವರ ತಾಯಿ ಫಕ್ಕೀರವ್ವನ ವರ್ಷದ ಸ್ಮರಣೆ. ಫಕ್ಕೀರವ್ವ ಹೋಗುವ ಮುಂಚಿನ ವರ್ಷ ಅಳಿಯನ ಮನೆಯಲ್ಲಿ ಕೂತು ಬೀಸುವ ಪದಗಳನ್ನೆಲ್ಲ ಹಾಡಿದ್ದಳು. ಮನೆಯಲ್ಲಿ ಆ ದನಿ ಇದ್ದದ್ದು ಈ ಕಂಪ್ಯೂಟರಿನಲ್ಲಿ ಮಾತ್ರ. ನಾಳೆ ಅದನ್ನೇ ಕೇಳಲು ಅಕ್ಕತಂಗಿಯರು ಕೂಡುತ್ತಿದ್ದರು.

ಆದರೂ ಸಮಾಧಾನಕ್ಕೆ ಒಂದು ದಾರಿಯಿತ್ತು. ಕಂಪ್ಯೂಟರು ಮಾರಿದ ಮಹಮ್ಮದ್ ಹನೀಫ್ ಒಂದು ಪೆನ್ ಡ್ರೈವಿನಲ್ಲಿ ಆ ಹಾಡುಗಳೂ ಸೇರಿ ಅದರ ಪೂರಾ ನಕಲು ಇಳಿಸಿಕೊಟ್ಟಿದ್ದ. ಯಂತ್ರ ಕೆಟ್ಟರೆ ಇದನ್ನು ಹಚ್ಚಿದರೆ ಸಾಕು, ಇದ್ದದ್ದೆಲ್ಲ ಇದ್ದ ಹಾಗೇ ಎದ್ದು ಬರುತ್ತದೆ ಎಂದಿದ್ದ. "ಆದರ ಎರಡೂ ಒಂದ ಮನ್ಯಾಗ ಇಡಬ್ಯಾಡ್ರಿ. ಬ್ಯಾರೆ ಕಡೆ, ತಂಪು ಜಾಗಾದಾಗ ಇಡ್ರಿ," ಎಂದೂ ಹೇಳಿದ್ದ.

ವಿಜಯಮಹಾಂತೇಶ ಬೀಜದ ಕಂಪನಿಯ ಗೋದಾಮು ನೋಡಿಕೊಳ್ಳುವವನು. ಮುಂದಿನ ವರ್ಷಕ್ಕೆ ಬೇಕಾದ್ದನ್ನು ತಂಪಿನಲ್ಲಿಡಬೇಕೆಂದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ನಿರ್ಮಲಾಳ ತಮ್ಮ ಮೈಲೇಶ ಮೆಣಸಿನಕಾಯಿ ಚೀಲಗಳನ್ನು ಬ್ಯಾಡಗಿಯ ಕೋಲ್ಡ್ ಸ್ಟೋರೇಜಿಗೆ ಒಯ್ಯುವಾಗ, ಗುರುತಿಗೆ ಕೆಂಪು ದಾರ ಕಟ್ಟಿದ ಪೆನ್ ಡ್ರೈವನ್ನು ಅವನ ಕೈಗೆ ಕೊಟ್ಟು, ಒಂದು ಚೀಲದಲ್ಲಿ ಹುದುಗಿಸಿಡಲು ಹೇಳಿದ್ದ. ಕಳ್ಳ ಬರಲಾರ, ಇಲಿ ಬಾಯಿ ಹಾಕಲಾರದು.

ಈಗ ಅದನ್ನು ತರಬೇಕು. ಚಪ್ಪಲಿ ಮೆಟ್ಟುವಷ್ಟರಲ್ಲಿ ಗೋಡೆಯ ಆಚೆಯಿಂದ ನಿಜಲಿಂಗಪ್ಪನವರ ತಲೆ ಮೇಲೆದ್ದಿತು. ನಿವೃತ್ತ ಮಾಸ್ತರರು. ಇವನು ತಂದ ಕಂಪ್ಯೂಟರನ್ನೇ ಮರುವಾರ ತಂದವರು, ಇವನ ಮನೆಯಲ್ಲಿ ಒಗ್ಗರಣೆ ಸಿಡಿದರೆ ಯಾವ ಪಲ್ಯ ಎಂದು ಅಲ್ಲಿಂದಲೇ ಕೇಳುವವರು.

"ಎಲ್ಲಿಗೆ ಹೊಂಟಿ, ಇಷ್ಟು ಲಗೂ?"

ಬ್ಯಾಡಗಿಗೆ ಎಂದ. ಯಾಕ ಎಂದರು. ಕಂಪ್ಯೂಟರು ಕೆಟ್ಟಿದೆ ಎಂದ. ಅದರೊಳಗೆ ಏನಿತ್ತು ಎಂದರು. ಹಾಡಿನ ಸುದ್ದಿ ತೆಗೆದರೆ ಸಂಜೆಯೊಳಗೆ ಹಾವೇರಿವರೆಗೆ ಮುಟ್ಟುತ್ತದೆಂದು ಹೆದರಿ, ಆಫೀಸಿನ ಕೆಲಸ ಎಂದುಬಿಟ್ಟ. ಮನೆ ನೋಡಿಕೊಳ್ಳುತ್ತೇನೆಂದು ಅವರು ಕೈ ಚಾಚಿ ಕೀಲಿಕೈ ಇಸಕೊಂಡರು.

ಬಸ್ಸಿನಲ್ಲಿ ಅವರ ಫೋನು ಮೂರು ಸಲ ಬಂತು. ಒಮ್ಮೆ ಹಾಲು ಉಕ್ಕುವುದರಲ್ಲಿತ್ತು, ಇಳಿಸಿದೆ ಎಂದರು. ಒಮ್ಮೆ ಹನೀಫನಿಗೆ ಬರಲು ಹೇಳಿದ್ದೇನೆ ಎಂದರು. ಮತ್ತೊಮ್ಮೆ, ಖರೇ ಹೇಳು, ಅದರೊಳಗೆ ಏನಿತ್ತು ಎಂದರು.

ಕೋಲ್ಡ್ ಸ್ಟೋರೇಜಿನ ಸಲಾವುದ್ದೀನ ಬಾಗಿಲಲ್ಲೇ ಸಿಕ್ಕ. ಮೈಲೇಶನ ಚೀಲಗಳು ಬೆಳಿಗ್ಗೆಯೇ ಮಾರ್ಕೆಟ್ಟಿಗೆ ಹೋದವೆಂದ. ವಿಜಯಮಹಾಂತೇಶನ ಮುಖ ನೋಡಿ ಹೆಚ್ಚು ಕೇಳದೆ, ತನ್ನ ಬೈಕಿನಲ್ಲೇ ಮಾರ್ಕೆಟ್ಟಿನ ಅಂಗಳದವರೆಗೆ ಬಿಟ್ಟುಬಂದ.

ಅಲ್ಲಿ ಕಣ್ಣು ಹಾಯಿಸಿದಷ್ಟೂ ಕೆಂಪು ಗುಡ್ಡಗಳು. ಮೈಲೇಶನ ಚೀಲಗಳನ್ನು ಆಗಲೇ ಸುರಿದಿದ್ದರು. ವಿಜಯಮಹಾಂತೇಶ ರಾಶಿಯ ಮುಂದೆ ಮಂಡಿಯೂರಿ ಮೊಣಕೈವರೆಗೆ ಕೈ ಇಳಿಸಿದ. ಘಾಟು ಮೂಗಿಗೇರಿತು. ಒಂದು ಸೀನಿಗೆ ಕನ್ನಡಕ ಹೋಯಿತು, ಇನ್ನೊಂದಕ್ಕೆ ಅದನ್ನು ಹುಡುಕುವ ಕಣ್ಣೂ ಹೋಯಿತು. ದಲ್ಲಾಳಿಯೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: "ಇಷ್ಟು ಕಣ್ಣೀರು ಹಾಕಿ ಮಾಲು ನೋಡೋ ಖರೀದಿದಾರನ್ನ ನಾ ಕಂಡಿದ್ದಿಲ್ಲ."

ತೊಟ್ಟು ಬಿಡಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳು ಎದ್ದು ಬಂದಳು. ಮೈಮುನಾಬಿ ಎಂದು ಹೆಸರು. ಮೊದಲು ಕನ್ನಡಕ ಎತ್ತಿ ಒರೆಸಿ ಕೊಟ್ಟಳು. ಆಮೇಲೆ ಬುತ್ತಿಯಿಂದ ಬೆಲ್ಲದ ಚೂರು ತೆಗೆದು, "ಇದನ್ನ ಬಾಯಾಗ ಇಟ್ಕೋರಿ ಅಣ್ಣಾರ, ಸೀನು ನಿಲ್ತಾವ. ಆಮ್ಯಾಲ ಏನ ಕಳದೈತಿ ಹೇಳ್ರಿ," ಎಂದಳು.

ಹೇಳಿದ. ಅವಳು ಸೆರಗಿನ ಗಂಟು ಬಿಚ್ಚಿದಳು. ರಾಶಿಯಲ್ಲಿ ಸಿಕ್ಕದ್ದನ್ನು, ಯಾರಾದರೂ ಹುಡುಕಿಕೊಂಡು ಬಂದಾರು ಎಂದು ಕಟ್ಟಿಕೊಂಡಿದ್ದಳಂತೆ. ಗಂಟಿನಲ್ಲಿ ಇದ್ದದ್ದು ಒಂದು ಪೆನ್ ಡ್ರೈವಲ್ಲ, ಒಂದು ಹಿಡಿ. ಎಲ್ಲವೂ ಕಪ್ಪು, ಎಲ್ಲವೂ ಹನೀಫನ ಅಂಗಡಿಯವು, ಎಲ್ಲಕ್ಕೂ ಕೆಂಪು ದಾರ. ಬಿಳಿ ಕಟ್ಟಿದ್ದರೋ ಹಳದಿ ಕಟ್ಟಿದ್ದರೋ, ತಿಂಗಳುಗಟ್ಟಲೆ ಬ್ಯಾಡಗಿ ಮೆಣಸಿನಕಾಯಿಯೊಳಗೆ ಮಲಗಿದ ದಾರಕ್ಕೆ ಬೇರೆ ಬಣ್ಣ ಎಲ್ಲಿಂದ ಬರಬೇಕು.

ತಂಪು ಜಾಗದ ಗುಟ್ಟನ್ನು ಅವನು ನಿಜಲಿಂಗಪ್ಪನವರೊಬ್ಬರಿಗೆ ಮಾತ್ರ ಹೇಳಿದ್ದ. ಅವರ ಬಾಯಿಂದ ಕೇಳಿ ಓಣಿಯೇ ಮೈಲೇಶನ ಚೀಲಕ್ಕೆ ಇಳಿದಿತ್ತು.

ಎಲ್ಲವನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಹನೀಫ ಕಾಯುತ್ತಿದ್ದ. ಅವನ ಪಕ್ಕದ ಕುರ್ಚಿಯಲ್ಲಿ ನಿಜಲಿಂಗಪ್ಪನವರು ಚಹಾ ಕುಡಿಯುತ್ತಿದ್ದರು. ಹನೀಫ ಗಂಟು ಬಿಚ್ಚಿ, ಸೀನಿ, ಯಾವುದು ನಿಮ್ಮದು ಎಂದು ಕೇಳಿದ. ಗೊತ್ತಿಲ್ಲ ಎಂದ ವಿಜಯಮಹಾಂತೇಶ.

"ಎಲ್ಲಾ ನಾನ ಮಾಡಿಕೊಟ್ಟಾವು. ಹೊರಗಿಂದ ನನಗೂ ತಿಳಿಯೂದಿಲ್ರಿ. ಪೂರಾ ಏರಿಸಿದ ಮ್ಯಾಲನ ಯಾರದಂತ ಗೊತ್ತಾಗೂದು. ಒಂದೊಂದಕ್ಕ ತಾಸೊತ್ತು ಬೇಕು."

ನಿರ್ಮಲಾ ಬರಲು ತಾಸೊತ್ತೇ ಉಳಿದಿತ್ತು. ವಿಜಯಮಹಾಂತೇಶ ಕಣ್ಣು ಮುಚ್ಚಿ, ಮೈಲಾರಲಿಂಗನನ್ನು ನೆನೆದು, ಒಂದನ್ನು ಎತ್ತಿಕೊಟ್ಟ.

ಪರದೆಯ ಮೇಲಿನ ಅಂಕಿ ಎತ್ತು ದಿಬ್ಬ ಹತ್ತಿದ ಹಾಗೆ ಹತ್ತಿತು. ಅದು ನೂರು ಮುಟ್ಟುವುದಕ್ಕೂ ಅಂಗಳದಲ್ಲಿ ಅಕ್ಕತಂಗಿಯರ ಮಾತು ಕೇಳುವುದಕ್ಕೂ ಸರಿಹೋಯಿತು. ಪರದೆ ಬೆಳಗಿತು. ಪೇಟ ಸುತ್ತಿಕೊಂಡು, ಹಾರ ಹಾಕಿಸಿಕೊಂಡು, ಶಾಲು ಹೊದ್ದು ನಿಜಲಿಂಗಪ್ಪನವರು ನಗುತ್ತ ನಿಂತಿದ್ದರು.

"ಇದು ನಮ್ಮದು," ಎಂದರು ಕುರ್ಚಿಯಲ್ಲಿದ್ದ ನಿಜಲಿಂಗಪ್ಪನವರು.

ನಿರ್ಮಲಾ ಬಾಗಿಲಲ್ಲಿ ನಿಂತು ಪರದೆ ನೋಡಿದಳು, ಗಂಡನ ಕೆಂಪು ಮೂಗು ನೋಡಿದಳು. "ಅವ್ವನ ಪದಾ ಎಲ್ಲಿ?" ಎಂದಳು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಸೊಳ್ಳೆ ಬ್ಯಾಟಿನಿಂದ ಹಿಡಿದು ಎಲ್ಲ ಹೇಳಿದ. ತಂಗಿಯರು ಕೈಯಲ್ಲಿದ್ದ ಚೀಲ ಇಳಿಸುವುದನ್ನೂ ಮರೆತರು.

ನಿಜಲಿಂಗಪ್ಪನವರು ಚಹಾದ ಕಪ್ಪು ಕೆಳಗಿಟ್ಟರು. ಪರದೆಯ ಮುಂದೆ ಸರಿದು, ಟವೆಲ್ಲನ್ನು ಮರೆ ಹಿಡಿದು ಪಾಸ್‌ವರ್ಡ್ ಒತ್ತಿದರು. ಏನೋ ಹುಡುಕಿದರು. ಬೀಸುವ ಕಲ್ಲು ಗರಗರ ಎಂದಿತು. ಫಕ್ಕೀರವ್ವ ಒಮ್ಮೆ ಕೆಮ್ಮಿ, "ಇದರಾಗ ನನ್ನ ದನಿ ಕುಂದರತೈತೇನೋ?" ಎಂದು ಅಳಿಯನನ್ನು ಕೇಳಿ, ಪದ ಎತ್ತಿದಳು.

ನಿರ್ಮಲಾ ನೆಲಕ್ಕೆ ಕೂತಳು. ಎದೆಯ ಮೇಲಿನ ಬೀಸುಕಲ್ಲು ಇಳಿದಂತೆ ವಿಜಯಮಹಾಂತೇಶನೂ ಗೋಡೆಗೊರಗಿ ಉಸಿರುಬಿಟ್ಟ.

"ಫಕ್ಕೀರವ್ವ ಹಾಡಿದಾಗ ಹನೀಫನ ಕಡೆ ನಾನೂ ಆ ಪದಗಳ ನಕಲು ಇಳಿಸ್ಕೊಂಡಿದ್ದೆ," ಎಂದರು ನಿಜಲಿಂಗಪ್ಪನವರು, ಪದ ಮುಗಿದ ಮೇಲೆ. "ದಿನಾ ಮುಂಜಾನಿ ಚಹಾ ಕಾಸೋವಾಗ ಕೇಳತೇನಿ. ನಿರ್ಮಲಾನ ಕಿವಿಗೆ ಬಿದ್ರ ಸಂಕಟ ಆದೀತು ಅಂತ ಸಣ್ಣಗ ಇಡತೇನಿ." ಆಮೇಲೆ ವಿಜಯಮಹಾಂತೇಶನತ್ತ ತಿರುಗಿದರು. "ಏನಿತ್ತು, ಏನಿತ್ತು ಅಂತ ಎಷ್ಟು ಸಲ ಕೇಳಿದ್ನೆಪಾ. ಮುಂಜಾನೆನ ಹೇಳಿದ್ದರ ಗ್ವಾಡಿ ಮ್ಯಾಲಿಂದ ಕೊಡತಿದ್ದೆ."

ತಂಗಿಯರು ಹಾಡುಗಳನ್ನು ಫೋನಿಗೆ ಇಳಿಸಿಕೊಂಡರು. ಉಳಿದವುಗಳಲ್ಲಿ ನಿಮ್ಮದು ಯಾವುದೆಂದು ನೋಡೋಣವೇ ಎಂದು ಹನೀಫ ಇನ್ನೊಂದು ಪೆನ್ ಡ್ರೈವ್ ಎತ್ತಿದ. ನಿರ್ಮಲಾ ಅವನ ಕೈ ತಡೆದಳು. "ಬ್ಯಾಡ್ರಿ. ಹಾಡಾಕತ್ತೈತಿ, ಹಾಡಲಿ. ಇನ್ನ ಇದನ್ನ ಯಾರೂ ಮುಟ್ಟಬಾರದು," ಎಂದಳು. ಹೇಳುವಾಗ ಅವಳು ನೋಡಿದ್ದು ಗಂಡನನ್ನು.

ಹೀಗೆ ಕಂಪ್ಯೂಟರು ವಿಜಯಮಹಾಂತೇಶನ ಮನೆಯಲ್ಲಿದೆ, ಒಳಗಿನದೆಲ್ಲ ನಿಜಲಿಂಗಪ್ಪನವರದು. ಪಾಸ್‌ವರ್ಡ್ ಯಾರಿಗೂ ಹೇಳಬಾರದೆಂದು ಹನೀಫ ಹೇಳಿದ್ದನ್ನು ಅವರು ಬಹಳ ನಿಷ್ಠೆಯಿಂದ ಪಾಲಿಸುತ್ತಾರೆ. ಆದ್ದರಿಂದ ದಿನಾ ಬೆಳಿಗ್ಗೆ ತಾವೇ ಬಂದು ತೆರೆದುಕೊಡುತ್ತಾರೆ, ಪದ ಕೇಳುತ್ತ ನಿರ್ಮಲಾಳೊಡನೆ ಚಹಾ ಮುಗಿಸುತ್ತಾರೆ, ಇಂದು ಯಾವ ಪಲ್ಯ ಎಂದು ಈಗ ಒಳಗೆ ಕೂತೇ ಕೇಳುತ್ತಾರೆ. ಅಷ್ಟು ಹೊತ್ತು ವಿಜಯಮಹಾಂತೇಶ ತನ್ನ ಸರದಿಗೆ ಸ್ಟೂಲಿನ ಮೇಲೆ ಕಾಯುತ್ತಾನೆ. ಅವರಿಗೆ ಆತುರವಿಲ್ಲ. ಈಗೀಗ ಬರುವಾಗ ಬಿಸ್ಕೀಟೂ ತರುತ್ತಾರೆ.