ಕೇಕಿನೊಳಗಿನ ನಾಲ್ಕುನೂರ ಎಪ್ಪತ್ತೊಂದು

ನನ್ನ ಮೈದುನನಷ್ಟು ಓದುವವರು ಇಡೀ ಕಾಪುವಿನಲ್ಲಿ ಇನ್ನೊಬ್ಬರಿಲ್ಲ. ಓದುವುದು ಮಾತ್ರ ಬಿಸ್ಕತ್ತಿನ ಪೊಟ್ಟಣದ ಹಿಂಬದಿ!

ದುಬೈಯಿಂದ ಬೇರೆಯವರು ಚಿನ್ನ ತಂದರು, ಇವನು ತಂದದ್ದು ಒಂದು ಜೆರಾಕ್ಸ್ ಹಾಳೆ. ತಿಂಡಿಗೆ ಹಾಕುವ ಬಣ್ಣ, ಪುಡಿ, ಅಂಟುಗಳ ನಂಬರು ಅದರಲ್ಲಿ; ಯಾವುದು ಹಲಾಲ್, ಯಾವುದು ಹರಾಮ್, ಯಾವುದು ಸಂಶಯ ಎಂದು ಪಟ್ಟಿ. ಎರ್ಮಾಳಿನ ಮದುವೆಯೊಂದರಲ್ಲಿ ಐಸ್‌ಕ್ರೀಮಿನ ಕಪ್ಪನ್ನು ತಿರುಗಿಸಿ ತಿರುಗಿಸಿ ಓದಿದ. "ತೊಂದರೆ ಇಲ್ಲ, ಹಲಾಲ್" ಎಂದು ತೀರ್ಪು ಕೊಡುವಾಗ ಅದು ಕರಗಿ ನೀರು. ಶರಬತ್ತಿನ ಹಾಗೆ ಕುಡಿದ! ನನ್ನ ಮೀನು ಸಾರು ಬಚಾವಾದದ್ದು, ಬಂಗುಡೆಯ ಹಿಂಬದಿಯಲ್ಲಿ ಏನೂ ಬರೆದಿರುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ನನ್ನ ಮೊಮ್ಮಗಳಿಗೆ ಸಂಬಂಧ ಬರುವ ತನಕ ನಾನೂ ನಗುತ್ತಿದ್ದೆ. ಅವಳ ತಂದೆ, ಅಂದರೆ ನನ್ನ ಮಗ, ತೀರಿಹೋಗಿದ್ದಾನೆ, ಅಜ್ಜ, ಅಂದರೆ ನನ್ನ ಗಂಡನೂ ಇಲ್ಲ, ಅವಳಿಗೆ ಅಣ್ಣತಮ್ಮಂದಿರೂ ಇಲ್ಲ. ಅಜ್ಜನ ತಮ್ಮನಾಗಿ ನಿಕಾಹ್ ಮಾಡಿಕೊಡಬೇಕಾದವನು ಇವನೇ. ಹುಡುಗನ ಮನೆಯವರದ್ದೋ, ಕಾರ್ಕಳದಲ್ಲಿ ಬೇಕರಿ! ಮಾತು ಗಟ್ಟಿ ಮಾಡಲು ಬಂದವರು ದೊಡ್ಡದೊಂದು ಕೇಕ್ ತಂದರು. ಹುಡುಗಿಯ ಕಡೆಯ ಹಿರಿಯ ಒಂದು ತುಂಡು ಬಾಯಿಗಿಟ್ಟರೆ ಒಪ್ಪಿದ ಹಾಗೆ. ಇವನು ತುಂಡನ್ನು ಬೆಳಕಿಗೆ ಹಿಡಿದ.

"ಇಷ್ಟು ಮೆತ್ತಗೆ ಉಂಟಲ್ಲ, ಕೇಕ್ ಜೆಲ್ ಹಾಕಿದ್ದೀರಾ?"

"ಹಾಕದೆ ಮತ್ತೆ? ಎಲ್ಲ ಬೇಕರಿಯವರೂ ಹಾಕ್ತಾರೆ" ಎಂದರು ಹುಡುಗನ ತಂದೆ.

"ಅದರಲ್ಲಿ ನಾಲ್ಕುನೂರ ಎಪ್ಪತ್ತೊಂದು ನಂಬರಿನದ್ದು ಇರ್ತದೆ. ಎಣ್ಣೆಯಿಂದ ಮಾಡಿದ್ದಾ, ಕೊಬ್ಬಿನಿಂದ ಮಾಡಿದ್ದಾ? ಕೊಬ್ಬಾದರೆ ಎಂತದರದ್ದು?"

"ಡಬ್ಬದಲ್ಲಿ ಬರೆದಿಲ್ಲ ಮಾರಾಯ್ರೆ. ನಾವು ಇಷ್ಟು ವರ್ಷ ಊರಿಗೆಲ್ಲ ಹರಾಮ್ ತಿನ್ನಿಸಿದ್ದೇವೆ ಅಂತಲಾ ನೀವು ಹೇಳುವುದು?"

"ಗೊತ್ತಿಲ್ಲ ಅಂತ ಹೇಳುವುದು" ಎಂದು ಇವನು ತುಂಡನ್ನು ತಟ್ಟೆಗಿಟ್ಟ.

ಅವರು ಎದ್ದು ಹೋದರು. ಮೊಮ್ಮಗಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. "ಹುಡುಗಿ ಮದುವೆಯಾಗದೆ ಉಳಿದರೆ ಅದಕ್ಕೆ ಯಾವ ನಂಬರು ಮಾರಾಯ?" ಎಂದು ಕೇಳಿದೆ. ಅವನು ಮಸೀದಿಯ ಉಸ್ತಾದರ ಹತ್ತಿರ ಓಡಿದ. "ಗಿಡದಿಂದ ಮಾಡಿದ್ದಾದರೆ ಧಾರಾಳ ತಿನ್ನಿ. ಮಾಡಿದವರನ್ನೇ ಕೇಳಿ" ಎಂದರಂತೆ. ಸರಿ, ಸಿಟ್ಟಾಗಿ ಕೂತವರ ಬೇಕರಿಗೇ ಹೋಗಿ, ಆ ಡಬ್ಬದ ಮೇಲಿನ ವಿಳಾಸ ಬರೆದುಕೊಂಡು ಬಂದು ಕಂಪನಿಗೆ ಕಾಗದ ಹಾಕಿದ! ನಾಚಿಕೆ ಎಂಬುದು ಅವನ ಪಟ್ಟಿಯಲ್ಲೇ ಇಲ್ಲ.

ಮೂರು ವಾರ ಪೋಸ್ಟ್‌ಮ್ಯಾನ್‌ನ ಸೈಕಲ್ ಬೆಲ್ ಕೇಳಿದಾಗಲೆಲ್ಲ ನಾವು ಅಂಗಳಕ್ಕೆ ಹಾರಿದೆವು. ಕೊನೆಗೆ ಉತ್ತರ ಬಂತು: ಪೂರಾ ತಾಳೆ ಎಣ್ಣೆಯದ್ದು!

ಕಾಗದ ಹಿಡಿದು ಇಬ್ಬರೂ ಕಾರ್ಕಳಕ್ಕೆ ಹೋದೆವು. ಹುಡುಗನ ತಂದೆ ಅದನ್ನು ಎರಡು ಸಲ ಓದಿದರು. "ನೀವು ಹೇಳಿದ ಮೇಲೆ ಆ ಡಬ್ಬ ಮುಟ್ಟಲು ನನಗೂ ಮನಸ್ಸು ಬರ್ಲಿಲ್ಲ. ಮೂರು ವಾರ ಕಲ್ಲಿನಂಥ ಕೇಕ್ ಮಾರಿದೆ!" ಎಂದು ನಕ್ಕರು. ಮೈದುನ ಎರಡು ತುಂಡು ತಿಂದು ಮೂರನೆಯದಕ್ಕೂ ಕೈ ಹಾಕಿದ.

ಬಸ್ಸಿನಲ್ಲಿ ನಾನು ಬಿಡಲಿಲ್ಲ. "ನಿನ್ನ ಸ್ವಂತ ಮಗಳ ಸಂಬಂಧವಾಗಿದ್ದರೆ ಹೀಗೆ ಮಾಡ್ತಿದ್ದೆಯಾ?"

"ಇಲ್ಲ ಅತ್ತಿಗೆ. ಕಣ್ಣು ಮುಚ್ಚಿ ತಿಂತಿದ್ದೆನೋ ಏನೋ" ಎಂದು ಅವನು ಕಿಟಕಿಯ ಕಡೆ ತಿರುಗಿದ. "ಇವಳು ನಿಮ್ಮ ಮಗ ಬಿಟ್ಟು ಹೋದ ಮಗು ಅಲ್ವಾ? ನಾಳೆ ಪರಲೋಕದಲ್ಲಿ ಅವನು ಸಿಕ್ಕಿ, ಸರಿಯಾಗಿ ನೋಡಿ ಕೊಟ್ಟೆಯಾ ಚಿಕ್ಕಪ್ಪ ಅಂತ ಕೇಳಿದರೆ ನಾನು ಎಂತ ಹೇಳುವುದು?"

ನಾನು ಚೀಲದಿಂದ ಕರವಸ್ತ್ರ ತೆಗೆದು ಕೊಟ್ಟು, "ಗಡ್ಡದಲ್ಲಿ ಕೇಕ್ ಉಂಟು, ಒರೆಸಿಕೋ" ಎಂದೆ.